ಸೋಂಟೆ ಕರಿಯುವಾಗ ಕೈಗೆ ಎಣ್ಣೆ ಹಾರಿ ಗುಳ್ಳೆ ಎದ್ದಿದೆ, ಮನೆಯಲ್ಲೇ ನೋಡಿಕೊಂಡರೆ ಸಾಕಾ?

ಬದಿಯಡ್ಕದ_ಸೊಸೆ

ನಮಸ್ಕಾರ, ಸ್ವಲ್ಪ ಅರ್ಜೆಂಟ್ ಇದೆ. ಒಂದು ಗಂಟೆ ಹಿಂದೆ ಅತ್ತೆ ಹಲಸಿನಕಾಯಿ ಸೋಂಟೆ (ಚಿಪ್ಸ್) ಕರಿಯುತ್ತಿದ್ದರು. ಸೊಳೆ ಗರಿಗರಿ ಆಗುವ ಹೊತ್ತಿಗೆ ಬಾಣಲೆಗೆ ಉಪ್ಪುನೀರು ಹಾಕುವ ಕ್ರಮ ಇದೆಯಲ್ಲ, ಇವತ್ತು ಸ್ವಲ್ಪ ಜಾಸ್ತಿ ಬಿತ್ತೋ ಏನೋ, ಎಣ್ಣೆ ಭುಸ್ಸೆಂದು ಉಕ್ಕಿ ಎಡಗೈಗೆ ಹಾರಿತು. ಮಣಿಕಟ್ಟಿನ ಹತ್ತಿರ ಜಾಸ್ತಿ, ಮೊಣಕೈ ಕಡೆಗೆ ಹೋದ ಹಾಗೆ ಬರೀ ಚುಕ್ಕಿ ಚುಕ್ಕಿ. ತಕ್ಷಣ ನಲ್ಲಿ ನೀರಿಗೆ ಕೈ ಹಿಡಿಸಿದೆ. ಆದರೆ ಅವರು ನಿಲ್ಲಬೇಕಲ್ಲ, "ಒಲೆ ಮೇಲೆ ಎಣ್ಣೆ ಉಂಟು" ಎಂದು ಕೈ ಎಳೆದುಕೊಂಡು ವಾಪಸ್ ಹೋದರು. ಉಳಿದ ಸೋಂಟೆಯನ್ನೂ ಕರಿದೇ ಮುಗಿಸಿದರು!

ಈಗ ಕೈ ಕೆಂಪಾಗಿದೆ. ಒಂದು ದೊಡ್ಡ ನೀರುಗುಳ್ಳೆ ಎದ್ದಿದೆ, ಪಕ್ಕದಲ್ಲಿ ಸಣ್ಣದು ಮೂರ್ನಾಲ್ಕು. ನೆರೆಮನೆಯ ಅಕ್ಕ ಟೂತ್‌ಪೇಸ್ಟ್ ಹಿಡಿದುಕೊಂಡು ಬಂದಿದ್ದಾರೆ. ಮಾವ ಸುಣ್ಣದ ತಿಳಿಗೆ ತೆಂಗಿನೆಣ್ಣೆ ಕಲಸಿ ಹಚ್ಚಿ ಎನ್ನುತ್ತಾರೆ. ನಮ್ಮವರು ಮೆಡಿಕಲ್‌ನಿಂದ ಯಾವುದೋ ಬಿಳಿ ಕ್ರೀಮಿನ ಟ್ಯೂಬ್ ತಂದಿದ್ದಾರೆ. ನಾನು ಯಾವುದನ್ನೂ ಹಚ್ಚಲು ಬಿಟ್ಟಿಲ್ಲ, ಹಾಗಾಗಿ ಮೂವರಿಗೂ ನನ್ನ ಮೇಲೆ ಸಿಟ್ಟು. ಗುಳ್ಳೆ ಒಡೆಯಬೇಕಾ? ಡಾಕ್ಟರಿಗೆ ತೋರಿಸಬೇಕಾ? ಅತ್ತೆ "ಇಷ್ಟಕ್ಕೆಲ್ಲ ಆಸ್ಪತ್ರೆಗೆ ಹೋದರೆ ಜನ ನಗ್ತಾರೆ" ಎಂದು ಕೂತಿದ್ದಾರೆ.

ತಲಪಾಡಿ_ನರ್ಸ್

ಮೊದಲು ಅತ್ತೆಯವರ ಕೈಯನ್ನು ಮತ್ತೆ ನೀರಿಗೆ ಹಿಡಿಸಿ, ಆಮೇಲೆ ಇದನ್ನು ಓದಿ.

ಒಂದು ಗಂಟೆ ಆದರೂ ತಡವಾಗಿಲ್ಲ. ಸುಟ್ಟು 3 ಗಂಟೆಯ ಒಳಗೆ ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿದರೆ ಪ್ರಯೋಜನ ಇದ್ದೇ ಇದೆ. ಎಣ್ಣೆ ಒರೆಸಿ ಹೋದ ಮೇಲೂ ಚರ್ಮದ ಒಳಗೆ ಬಿಸಿ ಕೂತಿರುತ್ತದೆ, ಅದು ಕೆಳಗೆ ಕೆಳಗೆ ಇಳಿಯುತ್ತದೆ. ನೀರು ಆ ಬಿಸಿಯನ್ನು ಎಳೆಯುತ್ತದೆ, ಊತವನ್ನೂ ನೋವನ್ನೂ ತಗ್ಗಿಸುತ್ತದೆ. ಎರಡು ನಿಮಿಷ ಹಿಡಿದು ತೆಗೆದರೆ ಮೇಲಿನ ಉರಿ ಮಾತ್ರ ಹೋಗುತ್ತದೆ.

ಒಂದು ವಿಷಯ ನೆನಪಿಡಿ. ಈಗ ಬೇಸಿಗೆ, ತಾರಸಿ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಕಾದಿರುತ್ತದೆ. ಪೈಪಿನಲ್ಲಿ ಬಿಸಿ ನೀರು ಬಂದರೆ ಬಾವಿ ನೀರು ಸೇದಿ ಬಕೆಟಿನಲ್ಲಿಟ್ಟು ಚೆಂಬಿನಿಂದ ಹೊಯ್ಯುತ್ತಾ ಇರಿ. ನೀರಿಗೆ ತತ್ವಾರ ಇದ್ದರೆ ಶುದ್ಧ ಬಟ್ಟೆ ಒದ್ದೆ ಮಾಡಿ ಹಾಕಿ, ಬಿಸಿಯಾದಂತೆ ಬದಲಿಸಿ. ಐಸ್ ಬೇಡ, ಫ್ರಿಜ್ಜಿನ ಐಸ್ ನೀರೂ ಬೇಡ. ತೀರಾ ತಣ್ಣಗಾದರೆ ರಕ್ತನಾಳ ಬಿಗಿಯುತ್ತದೆ, ಅರ್ಧ ಬದುಕಿರುವ ಚರ್ಮವೂ ಸಾಯುತ್ತದೆ.

ಆ ಕೈಯಲ್ಲಿ ಬಳೆ, ಉಂಗುರ ಇದ್ದರೆ ಈಗಲೇ ತೆಗೆಯಿರಿ. ಸಂಜೆ ಹೊತ್ತಿಗೆ ಊದಿಕೊಂಡರೆ ಕತ್ತರಿಸಿ ತೆಗೆಯಬೇಕಾಗುತ್ತದೆ.

ಪೇಸ್ಟ್ ಬೇಡ, ಸುಣ್ಣ ಬೇಡ, ಬಿಳಿ ಕ್ರೀಮ್ ಸದ್ಯಕ್ಕೆ ಬೇಡ. ಗುಳ್ಳೆ ಒಡೆಯಬೇಡಿ. ನಿಮ್ಮ ಮೇಲೆ ಸಿಟ್ಟಾದವರಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಇನ್ನು ಎರಡು ಪ್ರಶ್ನೆ. ಅತ್ತೆಯವರಿಗೆ ಶುಗರ್ ಇದೆಯಾ? ಸುಟ್ಟ ಜಾಗದಲ್ಲಿ ಎಲ್ಲಾದರೂ ಬಿಳಿಚಿಕೊಂಡಿದೆಯಾ? ಹಗಲು ಬೆಳಕಿಗೆ ಕೈ ಹಿಡಿದು ನೋಡಿ.

ಪೆರ್ಲದ_ಅಜ್ಜ

ನರ್ಸಮ್ಮ ಹೇಳಿದ್ದು ಸರಿಯೇ ಇರಬಹುದು, ಆದರೆ ಸುಣ್ಣದ ತಿಳಿಯನ್ನು ಹಾಗೆ ಒಂದೇ ಮಾತಿನಲ್ಲಿ ತಳ್ಳಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಅಮ್ಮ ಒಲೆ ಹತ್ತಿರ ಒಂದು ಬಾಟ್ಲಿಯಲ್ಲಿ ಸುಣ್ಣದ ತಿಳಿ ಯಾವಾಗಲೂ ಇಟ್ಟಿರುತ್ತಿದ್ದರು. ಅಷ್ಟೇ ತೆಂಗಿನೆಣ್ಣೆ ಹಾಕಿ ಬಾಟ್ಲಿ ಕುಲುಕಿದರೆ ಮಜ್ಜಿಗೆಯ ಹಾಗೆ ದಪ್ಪ ಆಗುತ್ತದೆ, ಕೋಳಿ ಗರಿಯಲ್ಲಿ ಅದ್ದಿ ಹಚ್ಚುವುದು. ಬೆಲ್ಲ ಕಾಯಿಸುವಾಗ, ಹಂಡೆ ನೀರು ಬಿದ್ದಾಗ, ಎಲ್ಲದಕ್ಕೂ ಅದೇ ಮದ್ದು, ವಾಸಿ ಆಗುತ್ತಿತ್ತು, ನಾವೆಲ್ಲ ಬದುಕಿಲ್ಲವಾ? ಈಗ ಗೆರೆ ಬಿದ್ದರೂ ಮಂಗಳೂರಿಗೆ ಓಡುವುದು ಒಂದು ಫ್ಯಾಷನ್.

ಮುಳ್ಳೇರಿಯ_ಮಾಷ್ಟ್ರು

ಅಜ್ಜಾ, ನಿಮ್ಮ ಅಮ್ಮ ಮಾಡಿದ್ದು ಬರೀ ಮನೆಮದ್ದಲ್ಲ, ಒಂದು ಕಾಲದಲ್ಲಿ ಇಂಗ್ಲಿಷ್ ಮದ್ದಿನ ಪುಸ್ತಕದಲ್ಲೂ ಅದೇ ಇತ್ತು. ಸ್ಕಾಟ್ಲೆಂಡಿನಲ್ಲಿ ಕ್ಯಾರನ್ ಎಂಬಲ್ಲಿ ದೊಡ್ಡ ಕಬ್ಬಿಣದ ಕಾರ್ಖಾನೆ ಇತ್ತು. ಅಲ್ಲಿ ಕೆಲಸದವರು ಸುಟ್ಟುಕೊಂಡಾಗ ಸುಣ್ಣದ ತಿಳಿಗೆ ಸಮ ಪ್ರಮಾಣದಲ್ಲಿ ಅಗಸೆ ಎಣ್ಣೆ ಕಲಸಿ ಹಚ್ಚುತ್ತಿದ್ದರು. ಅದಕ್ಕೆ ಕ್ಯಾರನ್ ಎಣ್ಣೆ ಅಂತಲೇ ಹೆಸರು. ನಮ್ಮಲ್ಲಿ ಅಗಸೆ ಬದಲು ತೆಂಗು, ಅಷ್ಟೇ.

ಆದರೆ ವೈದ್ಯರೇ ಅದನ್ನು ಬಿಟ್ಟರು. ಶುದ್ಧ ಮಾಡದ ಎಣ್ಣೆ, ಕೋಳಿ ಗರಿ, ಹಸಿ ಗಾಯ, ಮೂರೂ ಸೇರಿದರೆ ಕೀವು. ಗುಳ್ಳೆ ಇಲ್ಲದ ಬರೀ ಕೆಂಪು ಗಾಯ ಏನು ಹಚ್ಚಿದರೂ ವಾಸಿ ಆಗುತ್ತದೆ, ಹಚ್ಚದಿದ್ದರೂ ಆಗುತ್ತದೆ. ಹೆಸರು ಮಾತ್ರ ಹಚ್ಚಿದ್ದಕ್ಕೆ ಬರುತ್ತದೆ. ಪೇಸ್ಟ್, ಕಾಫಿಪುಡಿ, ಶಾಯಿ, ಮೊಟ್ಟೆಯ ಬಿಳಿ ಎಲ್ಲದರ ಕೀರ್ತಿಯೂ ಹೀಗೆಯೇ ಬಂದದ್ದು ಎಂದು ನನ್ನ ಅನುಮಾನ.

ಬದಿಯಡ್ಕದ_ಸೊಸೆ

20 ನಿಮಿಷ ಮುಗಿಯಿತು. ಗಡಿಯಾರ ಹಿಡಿದು ನಿಂತಿದ್ದೆ, ಬೈಗುಳ ಕೇಳಿದೆ. ಟ್ಯಾಂಕಿನ ನೀರು ನಿಜಕ್ಕೂ ಬಿಸಿ ಇತ್ತು, ಬಾವಿಯಿಂದ ಸೇದಿದೆವು. ಬಳೆ ಒಂದು ಬರಲೇ ಇಲ್ಲ. ಬೆರಳು ಎತ್ತಿ ಹಿಡಿಸಿ, ಹಸ್ತಕ್ಕೆ ಸೋಪಿನ ನೊರೆ ಹಚ್ಚಿ, ಗಾಯಕ್ಕೆ ತಾಗದ ಹಾಗೆ ನಿಧಾನಕ್ಕೆ ತಿರುಗಿಸಿ ತೆಗೆದದ್ದು.

ಶುಗರ್ ಇದೆ. ಮಾತ್ರೆ ತಗೊಳ್ತಾರೆ.

ಮತ್ತೆ ನೀವು ಹೇಳಿದ ಹಾಗೆ ಜಗಲಿಗೆ ಕರೆದುಕೊಂಡು ಬಂದು ನೋಡಿದೆ. ಮಣಿಕಟ್ಟಿನ ಒಳಬದಿಯಲ್ಲಿ, ಬಳೆ ಕೂರುವ ಜಾಗದಲ್ಲೇ, ಒಂದು ರೂಪಾಯಿ ನಾಣ್ಯದಷ್ಟು ಬಿಳಿ ಇದೆ, ಸುತ್ತ ಕೆಂಪು. ಅಲ್ಲಿ ಗುಳ್ಳೆ ಇಲ್ಲ. ಹತ್ತಿಯಲ್ಲಿ ಮುಟ್ಟಿದರೆ ಉಳಿದ ಕಡೆ "ಅಯ್ಯೋ" ಅಂತಾರೆ, ಅಲ್ಲಿ ಮಾತ್ರ ಏನೂ ಗೊತ್ತಾಗುವುದಿಲ್ಲವಂತೆ. "ನೋಡು, ಅಲ್ಲಿ ಆಗಲೇ ವಾಸಿ ಆಯಿತು" ಎಂದು ಅತ್ತೆಗೆ ಖುಷಿ.

ತಲಪಾಡಿ_ನರ್ಸ್

ಖುಷಿ ಪಡುವ ಜಾಗ ಅದಲ್ಲ ಅಕ್ಕಾ. ಇವತ್ತೇ ಕರೆದುಕೊಂಡು ಹೋಗಿ.

ಸುಟ್ಟ ಗಾಯದಲ್ಲಿ ನೋವು ಇದ್ದರೆ ಒಂದು ರೀತಿ ಸಮಾಧಾನ, ಚರ್ಮದ ಒಳಗಿನ ನರ ಜೀವಂತ ಇದೆ ಅಂತ. ಬರೀ ಕೆಂಪು, ಒಣಗಿದ ಹಾಗೆ, ಗುಳ್ಳೆ ಇಲ್ಲ, ಉರಿ ಉಂಟು ಎಂದರೆ ಮೇಲ್ಪದರ ಮಾತ್ರ. ಒಂದು ವಾರದ ಒಳಗೆ ಸಿಪ್ಪೆ ಎದ್ದು ಹೋಗುತ್ತದೆ. ನೀರುಗುಳ್ಳೆ ಎದ್ದು, ಅದರ ಕೆಳಗೆ ಗುಲಾಬಿ ಬಣ್ಣ, ಒದ್ದೆ, ಒತ್ತಿದರೆ ಬೆಳ್ಳಗಾಗಿ ಬಿಟ್ಟ ತಕ್ಷಣ ಕೆಂಪಾಗುತ್ತದೆ, ಮುಟ್ಟಿದರೆ ಜೀವ ಹೋಗುತ್ತದೆ ಎಂದರೆ ಎರಡನೇ ಪದರ. ಸರಿಯಾಗಿ ಮುಚ್ಚಿಟ್ಟರೆ ಸಾಮಾನ್ಯವಾಗಿ ಎರಡು ವಾರದ ಸುಮಾರಿಗೆ ವಾಸಿ. ಅದಕ್ಕಿಂತ ಕೆಳಗೆ ಹೋದದ್ದು ಬಿಳಿ ಅಥವಾ ಕಡು ಕೆಂಪು ಕಲೆ ಕಲೆಯಾಗಿ ಕಾಣುತ್ತದೆ, ಒತ್ತಿದರೆ ಬಣ್ಣ ಬದಲಾಗುವುದಿಲ್ಲ ಅಥವಾ ತಡವಾಗಿ ಬದಲಾಗುತ್ತದೆ, ಮುಟ್ಟಿದ್ದು ಸರಿಯಾಗಿ ಗೊತ್ತಾಗುವುದಿಲ್ಲ. ಪೂರ್ತಿ ಸುಟ್ಟದ್ದು ಚಕ್ಕಳದ ಹಾಗೆ ಗಟ್ಟಿ, ಬಿಳಿ ಅಥವಾ ಕಂದು ಅಥವಾ ಕಪ್ಪು, ನೋವೇ ಇಲ್ಲ. ಅದು ತನ್ನಷ್ಟಕ್ಕೆ ಮುಚ್ಚುವುದು ಕಷ್ಟ, ಬೇರೆ ಕಡೆಯ ಚರ್ಮ ತೆಗೆದು ಹಾಕಬೇಕಾಗಬಹುದು.

ಒಂದೇ ಗಾಯದಲ್ಲಿ ಇದೆಲ್ಲ ಅಕ್ಕಪಕ್ಕ ಇರಬಹುದು, ನಿಮ್ಮ ಅತ್ತೆಗೆ ಹಾಗೆ ಆಗಿರುವ ಸಾಧ್ಯತೆ ಜಾಸ್ತಿ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಕರಿಯುವ ಎಣ್ಣೆ 170–180 ಡಿಗ್ರಿ, ಅದೂ ಅಂಟಿಕೊಂಡು ಕೂರುತ್ತದೆ. ಬಳೆ ಇದ್ದ ಜಾಗದಲ್ಲಿ ಎಣ್ಣೆ ಬಳೆಯ ಅಡಿ ನಿಂತಿರಬೇಕು. ಇನ್ನೊಂದು, ಮೊದಲ ದಿನ ನೋಡಿದ್ದೇ ಕೊನೆಯಲ್ಲ. ಗಾಯ ಎರಡು ಮೂರು ದಿನದಲ್ಲಿ ಇನ್ನೂ ಆಳಕ್ಕೆ ಇಳಿಯಬಹುದು. ಅದಕ್ಕೇ ಡಾಕ್ಟರು ಮತ್ತೆ ಬನ್ನಿ ಎನ್ನುವುದು.

ಹೋಗುವ ಮೊದಲು ಗಾಯದ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಇದ್ದರೆ ಉದ್ದಕ್ಕೆ ಹಾಸಿ, ಕೈಗೆ ಸುತ್ತಬೇಡಿ, ಊತ ಬಂದರೆ ಬಿಗಿಯುತ್ತದೆ. ಇಲ್ಲದಿದ್ದರೆ ತೊಳೆದು ಒಣಗಿಸಿದ ಹಳೇ ಹತ್ತಿ ಪಂಚೆಯ ತುಂಡು. ಹತ್ತಿ ಉಂಡೆ ಇಡಬೇಡಿ, ಎಳೆ ಅಂಟುತ್ತದೆ. ನೋವಿಗೆ ಪ್ಯಾರಸಿಟಮಾಲ್ 500 ಅಥವಾ 650ರದ್ದು ಒಂದು ಕೊಡಬಹುದು, ಲಿವರ್ ತೊಂದರೆ ಇಲ್ಲದಿದ್ದರೆ. ಕೈ ಎತ್ತರಿಸಿ ಇಟ್ಟುಕೊಳ್ಳಲಿ.

ಬಿಳಿ ಕ್ರೀಮ್ ಬೇಡ ಅಂದದ್ದು ಯಾಕೆಂದರೆ, ಅದು ಬಹುಶಃ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಸುಟ್ಟ ಗಾಯದ ಮುಲಾಮು, ಸಲ್ಫಾ ಜಾತಿಯ ಮದ್ದು. ಹಚ್ಚಿದರೆ ಗಾಯದ ಮೇಲೆ ಒಂದು ಬಿಳಿ ಪೊರೆ ಕೂರುತ್ತದೆ, ಆಮೇಲೆ ಆಳ ಎಷ್ಟು ಎಂದು ಡಾಕ್ಟರಿಗೆ ತಿಳಿಯುವುದಿಲ್ಲ. ಸಣ್ಣ ಗುಳ್ಳೆ ಗಾಯಕ್ಕೆ ಅದರಿಂದ ವಾಸಿ ಆಗುವುದು ನಿಧಾನವೇ ಆಗುತ್ತದೆ ಎಂದು ಈಗ ಹೇಳುತ್ತಾರೆ. ಸಲ್ಫಾ ಅಲರ್ಜಿ ಇದ್ದವರು, ದಿನ ತುಂಬಿದ ಬಸುರಿಯರು, ಎಳೆ ಮಕ್ಕಳು ಮುಟ್ಟಲೇಬಾರದು.

ಉಪ್ಪಳ_ಪೇಟೆ

ನರ್ಸ್ ಮೇಡಂ, ಯಾವುದಕ್ಕೆ ಓಡಬೇಕು ಯಾವುದಕ್ಕೆ ಬೇಡ ಅಂತ ಒಂದು ಅಂದಾಜು ಹೇಳಿ. ನಮ್ಮದು ಹೋಟೆಲ್, ಹುಡುಗರಿಗೆ ದಿನಾ ಏನಾದರೂ ತಾಗುತ್ತದೆ. ಎಲ್ಲದಕ್ಕೂ ಓಡಿದರೆ ಅಂಗಡಿ ಮುಚ್ಚಬೇಕು.

ತಲಪಾಡಿ_ನರ್ಸ್

ಗಾಯ ಆದವರ ಅಂಗೈ ಅಳತೆ ಹಿಡಿಯಿರಿ, ಬೆರಳು ಸೇರಿಸಿ. ಅದು ಅವರ ಮೈಯ ಸುಮಾರು 1 ಶೇಕಡಾ. ಗುಳ್ಳೆ ಗಾಯ ಅದಕ್ಕಿಂತ ದೊಡ್ಡದಿದ್ದರೆ ಆಸ್ಪತ್ರೆ. ಮಗುವಿಗೆ ಮಗುವಿನ ಅಂಗೈ, ನಿಮ್ಮದಲ್ಲ. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಆದರೆ ಸಣ್ಣದಿದ್ದರೂ ತೋರಿಸಿ. ಕೈಗೋ ಕಾಲಿಗೋ ಬಳೆಯ ಹಾಗೆ ಸುತ್ತಲೂ ಸುಟ್ಟಿದ್ದರೆ ಖಂಡಿತ. ಸಣ್ಣ ಮಕ್ಕಳು, ವಯಸ್ಸಾದವರು, ಶುಗರ್ ಇರುವವರು, ಬಸುರಿಯರು, ಇವರಿಗೆ ಕಾಯುತ್ತಾ ಕೂರಬೇಡಿ. ಕರೆಂಟ್, ಆಸಿಡ್, ಮುಚ್ಚಿದ ಕೋಣೆಯ ಹೊಗೆ ಇದ್ದರೆ ಗಾಯ ಕಾಣದಿದ್ದರೂ ಹೋಗಿ. ಧ್ವನಿ ಗೊಗ್ಗರಾದರೆ, ಮೂಗಿನ ಕೂದಲು ಸುಟ್ಟಿದ್ದರೆ 108 ಕರೆಯಿರಿ. ದೊಡ್ಡವರಿಗೆ 15 ಶೇಕಡಾ, ಮಕ್ಕಳಿಗೆ 10 ಶೇಕಡಾ ಮೀರಿದರೆ ಡ್ರಿಪ್ ಬೇಕೇ ಬೇಕು. ಒಂದು ಇಡೀ ತೋಳು ಅಂದರೆ 9 ಶೇಕಡಾ, ಲೆಕ್ಕ ಹಾಕಿ ನೋಡಿ.

ಎಳೆ ಮಗುವಿಗೆ ಚಹಾ ಬಿದ್ದರೆ ಗಾಯಕ್ಕೆ ಮಾತ್ರ ನೀರು ಹೊಯ್ಯಿರಿ, ಉಳಿದ ಮೈ ಬೆಚ್ಚಗೆ ಸುತ್ತಿ. ಇಡೀ ಮಗುವನ್ನು ಬಕೆಟಿನಲ್ಲಿ ಕೂರಿಸಿದರೆ ಮೈ ತಣ್ಣಗಾಗಿ ಬೇರೆಯೇ ಅಪಾಯ.

ಹುಡುಗರಿಗೆ ಒಂದು ಮಾತು ಹೇಳಿ: ಬಾಣಲೆಗೆ ಬೆಂಕಿ ಹಿಡಿದರೆ ನೀರು ಹೊಯ್ಯಬಾರದು. ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಬೇಕು.

ಪೆರ್ಲದ_ಅಜ್ಜ

ಹಾಗಾದರೆ ಉಪ್ಪುನೀರು ಹಾಕುವುದೇ ತಪ್ಪಾ? ಸೋಂಟೆಗೆ ಉಪ್ಪು ಹಿಡಿಯುವುದಾದರೂ ಹೇಗೆ?

ಮುಳ್ಳೇರಿಯ_ಮಾಷ್ಟ್ರು

ತಪ್ಪೇನಲ್ಲ ಅಜ್ಜಾ. ನೀರು ಎಣ್ಣೆಗಿಂತ ಭಾರ, ಅಡಿಗೆ ಇಳಿಯುತ್ತದೆ. ಅಲ್ಲಿ ಒಂದೇ ಸಲ ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತದೆ, ಮೇಲಿದ್ದ ಎಣ್ಣೆಯನ್ನು ಎತ್ತಿ ಎಸೆಯುತ್ತದೆ. ಹಾಗಾಗಿ ಬಾಣಲೆ ಅರ್ಧಕ್ಕಿಂತ ಜಾಸ್ತಿ ತುಂಬಬಾರದು, ಉರಿ ತಗ್ಗಿಸಬೇಕು, ಉದ್ದ ಹಿಡಿಯ ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಪೇಟೆಯ ಚಿಪ್ಸ್ ಅಂಗಡಿಯವರು ನಿಂತುಕೊಂಡೇ ಮಾಡುತ್ತಾರೆ, ನೋಡಿದ್ದೀರಲ್ಲ. ಮನೆಯಲ್ಲಿ ಮಣೆ ಮೇಲೆ ಕೂತು ಮಾಡಿದರೆ ಹಾರಿದ ಎಣ್ಣೆಗೆ ಕೈ ಅಲ್ಲ, ಮುಖವೇ ಸಿಗುತ್ತದೆ. ನಮ್ಮ ಮನೆಯಲ್ಲಿ ಈಗ ಕರಿದು ತೆಗೆದ ಕೂಡಲೇ ಪುಡಿ ಉಪ್ಪು ಉದುರಿಸುತ್ತೇವೆ, ರುಚಿಯಲ್ಲಿ ನನಗೇನೂ ವ್ಯತ್ಯಾಸ ಕಂಡಿಲ್ಲ. ಮನೆಯವಳು ಒಪ್ಪುವುದಿಲ್ಲ, ಅದು ಬೇರೆ ವಿಷಯ.

ರಬ್ಬರ್_ಹಾಲು

ಆಸಿಡ್ ಅಂದದ್ದಕ್ಕೆ ಹೇಳುತ್ತೇನೆ. ನಮ್ಮ ಕಡೆ ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಸಿಡ್ ಇರುತ್ತದೆ. ಕ್ಯಾನಿನಲ್ಲಿ ಬರುವುದು 85 ಶೇಕಡಾದ್ದು, ನೀರು ಬೆರೆಸಿ ಬಳಸುವುದು. ಬೆರೆಸುವಾಗ ಹಾರಿದರೆ ಬಟ್ಟೆ ತೆಗೆದು ನೀರು ಹೊಯ್ಯುತ್ತಲೇ ಇರಬೇಕು, ಸೋಡಾಪುಡಿ ಹಾಕಿ ಸರಿ ಮಾಡಲು ಹೋಗಬೇಡಿ. ಆಸಿಡ್‌ಗಿಂತ ಸುಣ್ಣ ಇನ್ನೂ ಮೋಸ. ಮಳೆಗಾಲಕ್ಕೆ ಅಡಿಕೆಗೆ ಮದ್ದು ಬಿಡಲು ಮೈಲುತುತ್ತಿಗೆ ಬೆರೆಸುವ ಸುಣ್ಣಕ್ಕೆ ನೀರು ಹಾಕುವಾಗ ಸಿಡಿಯುತ್ತದಲ್ಲ, ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಕನಿಷ್ಠ ಅರ್ಧ ಗಂಟೆ ತೊಳೆದು, ತೊಳೆಯುತ್ತಲೇ ಆಸ್ಪತ್ರೆಗೆ. ಸುಣ್ಣದ ಹುಡಿ ಚರ್ಮದ ಮೇಲಿದ್ದರೆ ಮೊದಲು ಒಣಗಿದ್ದಾಗಲೇ ಕೊಡವಿ, ಆಮೇಲೆ ನೀರು.

ಮತ್ತೆ ಗೇರುಬೀಜ. ಈಗ ಮಕ್ಕಳಿಗೆ ರಜೆ, ಅಂಗಳದಲ್ಲಿ ಬೆಂಕಿ ಹಾಕಿ ಬೀಜ ಸುಡುವ ಸಮಯ. ಸಿಪ್ಪೆಯ ಒಳಗಿನ ಎಣ್ಣೆ ಚಿಮ್ಮಿದರೆ ಬೆಂಕಿಯ ಗಾಯ ಒಂದು, ಎಣ್ಣೆಯ ಗಾಯ ಇನ್ನೊಂದು. ಹಸಿ ಬೀಜ ಒಡೆದರೂ ಅಷ್ಟೇ, ಆಗ ಏನೂ ಗೊತ್ತಾಗುವುದಿಲ್ಲ, ಆಮೇಲೆ ಬೆರಳು ಕಪ್ಪಾಗಿ ಚರ್ಮ ಏಳುತ್ತದೆ. ಮಾವಿನ ಸೊನೆಯ ನೆಂಟ ಅದು. ತಾಗಿದ ಕೂಡಲೇ ಸೋಪು ಹಾಕಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಅಡಿಕೆ_ಕೊನೆ

ಕರೆಂಟ್ ಬಗ್ಗೆಯೂ ಯಾರಾದರೂ ಹೇಳಿ ಮಾರಾಯ್ರೇ. ಉದ್ದ ಅಲ್ಯುಮಿನಿಯಂ ದೋಟಿ ಹಿಡಿದು ತೋಟದಲ್ಲಿ ಕೊನೆ ತೆಗೆಯುವಾಗ ಲೈನಿಗೆ ತಾಗಿದರೆ ಅಂಗೈಯಲ್ಲಿ ಸಣ್ಣ ತೂತಿನ ಹಾಗೆ ಕಲೆ ಇರುತ್ತದೆ ಅಷ್ಟೇ. ಒಳಗೆ ಮಾಂಸ ಬೆಂದಿರುತ್ತದೆ, ಹೃದಯದ ಬಡಿತವೂ ತಪ್ಪಬಹುದು. "ಏನೂ ಆಗಿಲ್ಲ" ಎಂದು ಎದ್ದು ನಡೆದವರನ್ನೂ ಇಸಿಜಿ ಮಾಡಿಸದೆ ಬಿಡಬಾರದು. ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ, ಅದು ಲೋಹ ಅಲ್ಲವಲ್ಲ ಎಂದು ಧೈರ್ಯ ಮಾಡಬೇಡಿ.

ಪೆರ್ಲದ_ಅಜ್ಜ

ಸರಿ, ಸುಣ್ಣ ಬಿಟ್ಟೆ. ಬಾಳೆ ಎಲೆ ಆದೀತಾ? ಜೇನು? ಅದನ್ನೂ ಬೇಡ ಅನ್ನಬೇಡಿ.

ತಲಪಾಡಿ_ನರ್ಸ್

ಅಜ್ಜಾ, ಈ ಸಲ ಅರ್ಧ ಗೆದ್ದಿರಿ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೆ ಬಾಳೆ ಎಲೆ ಕಟ್ಟಿ ನೋಡಿದ್ದಾರೆ, 2003ರಲ್ಲಿ ಅದರ ಬಗ್ಗೆ ಬರೆದೂ ಇದ್ದಾರೆ. ಎಲೆ ನುಣುಪು, ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ನೋವಿಲ್ಲ, ಖರ್ಚೂ ಇಲ್ಲ. ಆದರೆ ಅವರು ಎಲೆಯನ್ನು ಆವಿ ಯಂತ್ರದಲ್ಲಿ ಬೇಯಿಸಿ ಕ್ರಿಮಿ ಸಾಯಿಸಿ ಕಟ್ಟುತ್ತಾರೆ. ತೋಟದಿಂದ ಕೊಯ್ದು ತಂದು ಬೈರಾಸಿನಲ್ಲಿ ಒರೆಸಿ ಕಟ್ಟುವುದು ಬೇರೆ. ಜೇನಿನದ್ದೂ ಹಾಗೇ. 2015ರ ಕೊಕ್ರೇನ್ ವಿಮರ್ಶೆಯಲ್ಲಿ (ಹಲವು ಅಧ್ಯಯನ ಒಟ್ಟಿಗೆ ತೂಗಿ ನೋಡುವುದು) ಗುಳ್ಳೆ ಗಾಯ ಜೇನಿನಿಂದ ಸಾಮಾನ್ಯ ಡ್ರೆಸ್ಸಿಂಗ್‌ಗಿಂತ ನಾಲ್ಕೈದು ದಿನ ಬೇಗ ವಾಸಿ ಆಗುತ್ತದೆ ಎಂದು ಬಂದಿದೆ. ಅದು ಗಾಯಕ್ಕೆಂದೇ ಶುದ್ಧ ಮಾಡಿದ ಜೇನು. ನಿಮ್ಮ ಭರಣಿಯದ್ದು ದೋಸೆಗೆ ಇರಲಿ.

ಬದಿಯಡ್ಕದ_ಸೊಸೆ

ಹೋಗಿ ಬಂದೆವು. ಡಾಕ್ಟರು ಬಿಳಿ ಜಾಗವನ್ನು ಒತ್ತಿ ನೋಡಿದರು, ಸೂಜಿ ತುದಿ ತಾಗಿಸಿ ನೋಡಿದರು. ಅಷ್ಟು ಜಾಗ ಮಾತ್ರ ಆಳ ಇರಬಹುದು, ಈಗಲೇ ಹೇಳಲು ಆಗುವುದಿಲ್ಲ, ಎರಡು ದಿನ ಬಿಟ್ಟು ಬನ್ನಿ ಎಂದರು. ದೊಡ್ಡ ಗುಳ್ಳೆ ಬಗ್ಗುವ ಜಾಗದಲ್ಲಿದೆ, ಹೇಗೂ ಒಡೆಯುತ್ತದೆ ಎಂದು ಅವರೇ ಶುದ್ಧವಾಗಿ ನೀರು ತೆಗೆದರು. ಸಣ್ಣದನ್ನು ಮುಟ್ಟಲಿಲ್ಲ. ಜಿಡ್ಡಿನ ಬಲೆ ಬಟ್ಟೆಯ ಹಾಗಿರುವುದು ಇಟ್ಟು ಮೇಲೆ ಗಾಜ್ ಕಟ್ಟಿದರು. ಧನುರ್ವಾಯು ಬಾರದ ಹಾಗೆ ಟಿಟಿ ಇಂಜೆಕ್ಷನ್ ಕೊಟ್ಟರು, 5 ವರ್ಷದ ಒಳಗೆ ಆಗಿರಲಿಲ್ಲ. ಆ್ಯಂಟಿಬಯೋಟಿಕ್ ಈಗ ಬೇಡ ಅಂದರು, ಅದು ನಮ್ಮವರಿಗೆ ಸ್ವಲ್ಪ ನಿರಾಸೆ. ನಮ್ಮದು ಕೇರಳದ ಕಾಸರಗೋಡು ಅಲ್ಲವಾ, ಚೀಟಿಯೆಲ್ಲ ಮಲಯಾಳದಲ್ಲಿ, ಓದಿಸಿಕೊಂಡು ಬಂದೆವು. ಯಾರೂ ನಗಲಿಲ್ಲ.

ರಾತ್ರಿ ಏನಾದರೂ ಗಮನಿಸಬೇಕಾ? ಮತ್ತೆ ಕಲೆ ಉಳಿಯುತ್ತದಾ ಎಂದು ಅತ್ತೆ ಈಗ ಕೇಳುತ್ತಿದ್ದಾರೆ, ಮುಂದಿನ ತಿಂಗಳು ಮನೆಯಲ್ಲಿ ಮದುವೆ ಉಂಟು.

ತಲಪಾಡಿ_ನರ್ಸ್

ರಾತ್ರಿ ಕೈಯನ್ನು ದಿಂಬಿನ ಮೇಲೆ ಎತ್ತರಿಸಿ ಇಡಲಿ. ಬೆರಳು ಆಡಿಸುತ್ತಾ ಇರಲಿ, ಇಲ್ಲದಿದ್ದರೆ ಬಿಗಿಯುತ್ತದೆ. ಬೆರಳ ತುದಿ ನೀಲಿ ಆದರೆ, ಮರಗಟ್ಟಿದರೆ ಕಟ್ಟು ಬಿಗಿಯಾಗಿದೆ ಎಂದರ್ಥ, ಸಡಿಲಿಸಿ ಕೂಡಲೇ ಹೋಗಿ. ನೋವು ಕಡಿಮೆ ಆಗುತ್ತಾ ಬಂದದ್ದು ಮತ್ತೆ ಜಾಸ್ತಿ ಆದರೆ, ಕೆಂಪು ಸುತ್ತ ಹರಡಿದರೆ, ವಾಸನೆ, ಕೀವು, ಜ್ವರ ಬಂದರೆ ಎರಡು ದಿನ ಕಾಯಬೇಡಿ. ಕಟ್ಟು ಒದ್ದೆ ಮಾಡಬೇಡಿ, ಪಾತ್ರೆ ತೊಳೆಯಲು ಬಿಡಬೇಡಿ, ಅದು ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ ಎಂದು ಗೊತ್ತು, ಮಾವನವರ ಹತ್ತಿರ ಹೇಳಿಸಿ.

ಎರಡು ವಾರದ ಒಳಗೆ ಮುಚ್ಚಿದ ಗಾಯಕ್ಕೆ ಗಡ್ಡೆ ಕಟ್ಟುವ ಕಲೆ ಅಪರೂಪ, ಬಣ್ಣ ವ್ಯತ್ಯಾಸ ಕೆಲವು ತಿಂಗಳು ಇರುತ್ತದೆ. ಬಿಳಿ ಜಾಗ ಮೂರು ವಾರ ದಾಟಿದರೆ ಕಲೆ ಬೀಳುವ ಸಾಧ್ಯತೆ ಜಾಸ್ತಿ, ಎರಡು ವಾರಕ್ಕೂ ಮುಚ್ಚದಿದ್ದರೆ ಪ್ಲಾಸ್ಟಿಕ್ ಸರ್ಜರಿಯವರಿಗೆ ತೋರಿಸಲು ಅವರೇ ಬರೆದುಕೊಡುತ್ತಾರೆ, ಪರಿಯಾರಂ ಮೆಡಿಕಲ್ ಕಾಲೇಜು ಆಗಲಿ ಮಂಗಳೂರು ಆಗಲಿ. ಪೂರ್ತಿ ಮುಚ್ಚಿದ ಮೇಲೆ ತುರಿಕೆ ಬರುತ್ತದೆ, ಆಗ ತೆಂಗಿನೆಣ್ಣೆ ಹಚ್ಚಿ ಮೆತ್ತಗೆ ತಿಕ್ಕಬಹುದು. ಪೆರ್ಲದ ಅಜ್ಜನಿಗೆ ಇದನ್ನು ಹೇಳಿ. ಬಿಸಿಲಿಗೆ ಹೋಗುವಾಗ ಉದ್ದ ತೋಳು ಹಾಕಲಿ, ಹೊಸ ಚರ್ಮ ಬೇಗ ಕಪ್ಪಾಗುತ್ತದೆ.

ಶುಗರ್ ಯಾವಾಗ ನೋಡಿಸಿದ್ದು? ಎರಡು ದಿನ ಬಿಟ್ಟು ಹೋಗುವಾಗ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಕರೆದುಕೊಂಡು ಹೋಗಿ, ಅದನ್ನೂ ನೋಡಿಸಿಬಿಡಿ.